ಆಕಾಶ ಸ್ವಲ್ಪ ಕಮ್ಮಿ

ಬಾಗಿಲು ತೆಗೆದಿಟ್ಟು ಇವತ್ತಿಗೆ ನಾಕನೇ ದಿನ.
ಹೊಸ್ತಿಲಲ್ಲೇ ನಿಂತಿವೆ ಆರೂ,
ಫೋಂಡಾದ ಮುಚ್ಚಿದ ಫಾರಮ್ಮಿನಿಂದ ತಂದವು.
ತಂತಿಯ ಮೇಲೇ ಬೆಳೆದ ಕಾಲು,
ಮಣ್ಣು ಅಂದರೆ ಏನು ಎಂದು ಕೇಳುವ ಕಾಲು.

ಒಂದೇ ಕಣ್ಣು ಓರೆ ಮಾಡಿ ನೋಡುತ್ತವೆ:
ಮೇಲೆ ಯಾಕೆ ಇಷ್ಟೊಂದು ಖಾಲಿ?
ಕುಡ್ತರಿಯ ಗದ್ದೆ ಮೇಲೆ ಗರುಡ ತಿರುಗಿದರೆ
ನೆರಳು ಅಂಗಳ ದಾಟುವ ಮುಂಚೆ
ಒಳಗೆ, ಮೂಲೆಗೆ, ಒಂದರ ಮೇಲೊಂದು.

"ಆಕಾಶ ಜಾಸ್ತಿಯಾಯಿತು ಅವಕ್ಕೆ,
ಸ್ವಲ್ಪ ಕಮ್ಮಿ ಮಾಡು"
ಅಂದಳು ಬೇಲಿಯಾಚೆಯ ಪಿಯೆದಾದ್,
ಹಲ್ಲಿಲ್ಲದ ಕೊಂಕಣಿಯಲ್ಲಿ.

ಕಮ್ಮಿ ಮಾಡಿದೆ.
ಬಲೆಯ ಮೇಲೆ ತೆಂಗಿನ ಸೋಗೆ,
ಕೆಳಗೆ ಕಾಲು ಮುರಿದ ಬೆಂಚು, ಕಡ್ಡಿ ಕಿತ್ತ ಛತ್ರಿ,
ಬಂದರಿನ ಕೆಲಸದ ಕಾಲದ ಗಂಡನ ರೇನ್‌ಕೋಟು.
ಒಂದು ಮರೆಯಿಂದ ಇನ್ನೊಂದಕ್ಕೆ
ಕೋಳಿಯ ಲೆಕ್ಕದಲ್ಲಿ ಏಳೇ ಹೆಜ್ಜೆ.
ಆಮೇಲೆ ನಡುವೆ ಕೂತು ಸೀಗಡಿ ಸುಲಿದೆ,
ಯಾರನ್ನೂ ಕರೆಯದೆ.

ಪಾವಿನವನ ಸೈಕಲ್ಲು ಪೋಂ ಪೋಂ ಅಂದು ದಾಟಿತು.
ಮೊಂಡು ಕೊಕ್ಕಿನದು, ಎಲ್ಲಕ್ಕಿಂತ ಪುಕ್ಕಲಿ,
ಒಂದು ಕಾಲೆತ್ತಿ,
ಎಲ್ಲಿಡಲಿ ಎಂದು ತುಂಬ ಹೊತ್ತು ಹಿಡಿದುಕೊಂಡು,
ಇಟ್ಟಿತು.

ಸೀಗಡಿಯ ತಲೆಯೊಂದು ಮಾಯ.
ನಾನು ತಲೆ ಎತ್ತಲಿಲ್ಲ.