ನೀಲಿ ಎಣ್ಣೆ ನಿಂತ ಮೇಲೆ

ಹತ್ತೊಂಬತ್ತು ವರ್ಷ ನಾನು ರೆಕ್ಕೆಗಳಿಗೆ ಕುಡಿಸಿದ್ದು ಈ ನೀಲಿ.
ಬಿಳಿ ಬಟ್ಟೆಗೆ ಅಮ್ಮ ಹಾಕುತ್ತಿದ್ದ ನೀಲಿಯಷ್ಟೇ ತಿಳಿ.
ಉಗುರಿನ ಸಂದಿಗೆ ಇಳಿದರೆ ಭಾನುವಾರದ ತನಕ ಹೋಗದು.
ಬಣ್ಣ ಯಾಕೆ ಎಂದು ಹೊಸಬರು ಕೇಳಿದರೆ
ಗುರುತಿಗೆ, ಅನ್ನುತ್ತಿದ್ದೆ.
ಯಾವುದರ ಗುರುತು ಎಂದು ಯಾರೂ ಕೇಳಲಿಲ್ಲ.

ರನ್‌ವೇ ಮುಗಿಯುವಲ್ಲಿ ಬೇಲಿ,
ಬೇಲಿ ಮುಗಿಯುವಲ್ಲಿ ಶಾಲೆ,
ಶಾಲೆಯ ಹಿಂದೆ, ಮೂರನೇ ಸಾಲಿನಲ್ಲಿ, ನಾವು.
ಹಾರಲು ಕಲಿಯುವ ಹುಡುಗರ ಪುಟ್ಟ ವಿಮಾನ
ಇಳಿದ ಹಾಗೆ ಮಾಡಿ ಮತ್ತೆ ಏಳುತ್ತದೆ, ದಿನಕ್ಕೆ ಐವತ್ತು ಸಲ,
ಹೊಸಿಲ ತನಕ ಬಂದು ಒಳಗೆ ಬಾರದ ನೆಂಟನ ಹಾಗೆ.
ಬಾಗಿಲಲ್ಲೇ ಏನೋ ಇಟ್ಟು ಹೋಗುವ ನೆಂಟ.

ನರ್ಸ್ ತುಯೆತ್ ಶಾಲೆಗೆ ಬಂದು ಮಕ್ಕಳ ಬೆರಳು ಚುಚ್ಚಿದಳು.
ಪೆನ್ಸಿಲ್ಲಿನಲ್ಲಿ ಸೀಸ ಹೆಸರಿಗೆ ಮಾತ್ರ, ಅಂದಳು,
ನಿಜದ್ದು ಇರುವುದು ಬರೆಯುವ ಕೈಯ ರಕ್ತದಲ್ಲಿ.
ನನ್ನ ಸಿತ್ಲಾಲಿಯ ಚೀಟಿಯಲ್ಲಿ
ಒಂದು ಅಂಕಿ, ಒಂದು ಚುಕ್ಕೆ, ಇನ್ನೊಂದು ಅಂಕಿ.
ನೋಡಲು ಚಿಕ್ಕದೇ.
ಎಷ್ಟಿದ್ದರೆ ಸರಿ, ಕೇಳಿದೆ.
ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.
ಇರಬಾರದು, ಅಂದಳು.
ಕಾದ ಸೀಸ ಕಿವಿಗೆ ಹೊಯ್ದ ಹಾಗೇನೂ ಆಗಲಿಲ್ಲ.
ತಣ್ಣಗೇ ಬಂತು ಮಾತು.

ಪಾಲೋಮಾ ಕೌಂಟಿಯ ಸಭೆ. ತಲೆಗೊಂದು ನಿಮಿಷ.
ಮೇಜಿನ ಮೇಲೆ ಹಸಿರು ದೀಪ, ಹಳದಿ, ಕೆಂಪು.
ಹಾರಾಟದ ಶಾಲೆಯ ಹ್ಯಾಸ್ಕೆಲ್ ಎದ್ದ:
ನಲವತ್ತು ವರ್ಷದ ಎಂಜಿನ್ನಿಗೆ ಒಮ್ಮೆಗೇ ಊಟ ಬದಲಿಸಿ ಅಂತೀರಿ,
ನಡು ಆಕಾಶದಲ್ಲಿ ಅದು ಕೆಮ್ಮಿದರೆ ಯಾರು ಹೊಣೆ?
ಸುಳ್ಳಾಡುವವನಲ್ಲ ಅವನು. ಕೈ ನಡುಗುತ್ತಿತ್ತು.
ಆಮೇಲೆ ಎರ್ಲಿಂಡಾ, ಶಾಲೆಯ ಅಡಿಗೆಯವಳು.
ಕಿಟಕಿಯ ದಂಡೆ ಒರೆಸಿದ ಬಿಳಿ ಬಟ್ಟೆಯನ್ನು
ನಿಮಿಷ ಪೂರ್ತಿ ಎತ್ತಿ ಹಿಡಿದು, ಏನೂ ಹೇಳದೆ, ಕೂತಳು.
ನನ್ನ ಹೆಸರು ಕರೆದರು.
ಬರೆದು ತಂದದ್ದು ಜೇಬಿನಲ್ಲೇ ಉಳಿಯಿತು.
ಎಣ್ಣೆ ತುಂಬುವವನು ನಾನು, ಅಂದೆ.
ಸಿತ್ಲಾಲಿಯ ಅಪ್ಪನೂ ನಾನೇ.
ದೀಪ ಇನ್ನೂ ಹಸಿರಾಗಿಯೇ ಇತ್ತು.

ಐದು ಜನ. ಐದು ಸಲ ಹೌದು.
ವಾಷಿಂಗ್ಟನ್ನಿಂದ ಕಾಗದ ಬಂತು: ಆಕಾಶ ನಿಮ್ಮದಲ್ಲ.
ಕೌಂಟಿ ಉತ್ತರ ಬರೆಯಿತು:
ನಿಜ. ನೆಲ ನಮ್ಮದು. ನೆಲದ ಮೇಲಿನ ಪಂಪು ನಮ್ಮದು.
ಲಾರಿಯ ಮೈಮೇಲಿನ ನೀಲಿ ಪಟ್ಟಿಯನ್ನು ನಾನೇ ಬ್ರಷ್ ಹಿಡಿದು ಅಳಿಸಿದೆ.
ಎರಡು ಕೋಟು ಬಳಿದರೂ
ಇಳಿಬಿಸಿಲಿನಲ್ಲಿ ಒಂಚೂರು ಕಾಣುತ್ತದೆ.

ಈಗ ತುಂಬುವುದು ಸೀಸವಿಲ್ಲದ್ದು, ಬಣ್ಣವಿಲ್ಲದ್ದು.
ಬೆಳಿಗ್ಗೆ ಹ್ಯಾಸ್ಕೆಲ್ ರೆಕ್ಕೆಯಡಿ ಬಗ್ಗಿ
ಗಾಜಿನ ನಳಿಕೆಗೆ ನಾಲ್ಕು ಹನಿ ಹಿಡಿದು ಬೆಳಕಿಗೆ ಎತ್ತುತ್ತಾನೆ.
ನೀರೋ ಎಣ್ಣೆಯೋ, ಗೊತ್ತಾಗಬಾರದೇನಯ್ಯ, ಎಂದು ಗೊಣಗಿ
ಮೂಸಿ ನೋಡಿ, ನನ್ನ ಕಡೆ ನೋಡದೆ, ಹತ್ತುತ್ತಾನೆ.
ಎಂಜಿನ್ ಕೆಮ್ಮಿಲ್ಲ, ಈ ತನಕ.
ಎಲ್ಲರೂ ಅವನ ಹಾಗಲ್ಲ.
ಕೆಲವರು ಬೆಟ್ಟ ದಾಟಿ, ಪಕ್ಕದ ಕೌಂಟಿಯಲ್ಲಿ ಇಳಿದು,
ಹೊಟ್ಟೆ ತುಂಬ ನೀಲಿ ಹೀರಿ
ಸಂಜೆಗೆ ನಮ್ಮ ತಲೆಯ ಮೇಲೇ ಬರುತ್ತಾರೆ.

ರಾತ್ರಿ ಹಾಸಿಗೆಯಲ್ಲಿ ಸಿತ್ಲಾಲಿ ಕಿವಿಯಲ್ಲೇ ವಿಮಾನ ಎಣಿಸುತ್ತಾಳೆ.
ಅಪ್ಪಾ, ಇದು ಕುಡಿದು ಬಂದದ್ದಾ?
ಸದ್ದಿನಲ್ಲಿ ಗೊತ್ತಾಗುವುದಿಲ್ಲ, ಮಗಳೇ.
ಮುಂದಿನ ಚೀಟಿಗೆ ಇನ್ನು ನಾಲ್ಕು ತಿಂಗಳು.
ಎದ್ದು ಕಿಟಕಿ ಹಾಕುತ್ತೇನೆ.
ಬೆಳಗಾದರೆ ತೆಗೆದು ದಂಡೆ ಒರೆಸಿ
ಬಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತೇನೆ,
ಹ್ಯಾಸ್ಕೆಲ್ ನಳಿಕೆ ನೋಡುವ ಹಾಗೆ.