ಮೂಗಿನ ನೇರಕ್ಕೆ

ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಹದಿನೆಂಟು ವರ್ಷ
ಮಂಜಿನ ಹಲಗೆ ಎಳೆದ ಶೀನ ಕುಂದರ್
ಈಗ ಗೇಟಿನಲ್ಲಿ ಕೂತು ಚೀಟಿ ಹರಿಯುತ್ತಾನೆ.
ನನ್ನೆದುರಿನ ಸ್ಟೂಲಿನಲ್ಲಿ ಅರ್ಧ ಮಾತ್ರ ಕೂತು
'ಗಾಳಿ ಇಜ್ಜಿ ಡಾಕ್ಟ್ರೇ' ಎಂದ.

ಟಾರ್ಚು ಬಿಟ್ಟೆ. ಎರಡೂ ಹೊಳ್ಳೆ
ಸರಕು ಖಾಲಿಯಾದ ಗೋದಾಮಿನಷ್ಟು ವಿಶಾಲ.
ಕನ್ನಡಿ ಹಿಡಿದರೆ ಎರಡೂ ಕಡೆ ಒಂದೇ ಅಳತೆಯ ಹಬೆ.
'ಇದೆಯಲ್ಲ?'
'ಹೋಗುತ್ತದೆ. ಹೋದದ್ದು ಗೊತ್ತಾಗುವುದಿಲ್ಲ.
ಐಸಿನ ರೂಮಿನಲ್ಲಿ ನಿಂತರೂ ಮೂಗಿಗೆ ತಂಪಿಲ್ಲ.
ರಾತ್ರಿ ಎದ್ದು, ಎದೆ ಏರುತ್ತದೆಯೋ ಎಂದು
ಕೈಯಿಟ್ಟು ನೋಡಿಕೊಳ್ಳುತ್ತೇನೆ.'
ಬಾಗಿಲಲ್ಲೇ ನಿಂತಿದ್ದ ಹೆಂಡತಿ:
'ಮಂಡೆಯ ಡಾಕ್ಟ್ರಿಗೂ ತೋರಿಸಿ ಆಯಿತು.'

ಸ್ಕ್ಯಾನಿನ ನಾನೂರು ಹೋಳು
ಮಣಿಪಾಲದ ಗುಡ್ಡ ಹತ್ತಿ ಲ್ಯಾಬಿಗೆ ಹೋದವು.
ವಿಮಾನದ ರೆಕ್ಕೆಯ ಗಾಳಿ ಓದಿದ ಝುಲೇಖಾ
ಮೂಗನ್ನು ಇಪ್ಪತ್ತು ಲಕ್ಷ ಚೂರು ಮಾಡಿ
ಚೂರುಚೂರಿಗೂ ಲೆಕ್ಕ ಹಚ್ಚಿ
ಎರಡು ರಾತ್ರಿ ಯಂತ್ರವನ್ನು ಉಸಿರಾಡಿಸಿದಳು.
ನಡುವೆ ಕರೆಂಟು ಹೋಗಿ ಒಮ್ಮೆ ಸತ್ತು ಹುಟ್ಟಿತಂತೆ.

ಮೊದಲು ತನ್ನದೇ ಮೂಗು ತೋರಿಸಿದಳು:
ನೀಲಿ ಗೆರೆಗಳು ಒಳಹೊಕ್ಕು, ತಡೆದು,
ಮಡಿಕೆ ಮಡಿಕೆಗೂ ಮೈಯುಜ್ಜಿ, ಬೆಚ್ಚಗಾಗಿ ಕೆಂಪೇರಿ,
ಕೈ ಮಾಡಿದಲ್ಲೆಲ್ಲ ನಿಲ್ಲುವ ಸರ್ವಿಸ್ ಬಸ್ಸಿನ ಹಾಗೆ.
ಆಮೇಲೆ ಶೀನನದು.
ಎಕ್ಸ್‌ಪ್ರೆಸ್.
ಒಂದೇ ದಪ್ಪ ಧಾರೆ ನಟ್ಟನಡುವೆ ನುಗ್ಗಿ
ಕೆಳಗಿನ ಗೋಡೆಗಳನ್ನು ಮಾತಾಡಿಸದೆ ಗಂಟಲಿಗೆ.
'ಮುಟ್ಟಿದರೆ ತಾನೇ ಸರ್, ತಂಪು?' ಎಂದಳು.
'ಟರ್ಬಿನೇಟ್ ಎರಡನ್ನೂ ಬುಡಸಮೇತ ತೆಗೆದವರು ಯಾರು?'

ಹಳೆಯ ಫೈಲು ತೇವಕ್ಕೆ ಅಂಟಿಕೊಂಡಿತ್ತು.
ಹನ್ನೊಂದು ವರ್ಷದ ಕೆಳಗೆ. ವಯಸ್ಸು ಮೂವತ್ತನಾಲ್ಕು.
ಕೊನೆಗೆ ನನ್ನ ಅಕ್ಷರ, ಆಗಿನ್ನೂ ದುಂಡಗೆ:
'ಮೂಗು ಚೆನ್ನಾಗಿ ತೆರೆದಿದೆ. ರೋಗಿ ತೃಪ್ತ.'
ಎಷ್ಟು ಸಲೀಸಾಗಿ
ನನ್ನ ಮೂಗಿನ ನೇರಕ್ಕೆ ಅವನ ಮೂಗು.

ಝುಲೇಖಾ ಪರದೆಯೊಳಗೆ
ಪಕ್ಕೆಲುಬಿನ ಮೃದುವಾದ ತುಣುಕೊಂದನ್ನು ಹದಿಮೂರು ಕಡೆ ಇಟ್ಟಳು.
ಹತ್ತಿಯಿಲ್ಲ, ರಕ್ತವಿಲ್ಲ, ಹೊಲಿಗೆಯಿಲ್ಲ;
ಸರಿಬಾರದಿದ್ದರೆ ಅಳಿಸಿ ಮತ್ತೆ.
ಹನ್ನೆರಡನೆಯದಕ್ಕೆ ಧಾರೆ ಸ್ವಲ್ಪ ಬಾಗಿತು,
ಹದಿಮೂರಕ್ಕೆ ಮತ್ತೆ ನೆಟ್ಟಗಾಯಿತು.

ಶೀನನನ್ನು ಕರೆಸಿ ಕೂರಿಸಿದೆ.
ಬಹಳ ಹೊತ್ತು ನೋಡಿದ.
'ಅಳಿವೆಯೇ ಇದು.
ಕಲ್ಲು ಇಲ್ಲಿ ಹಾಕಿದರೆ ನೀರು ದಡ ಹಿಡಿಯುತ್ತದೆ.'
ಐಸಿನಲ್ಲಿ ಸುಟ್ಟು ಉಗುರು ಕಪ್ಪಾದ ಬೆರಳು
ನಾವು ಇಟ್ಟೇ ಇರದ ಜಾಗದಲ್ಲಿ ನಿಂತಿತ್ತು.
ಝುಲೇಖಾ ಗುರುತು ಹಾಕಿಕೊಂಡಳು.

'ಶೀನಣ್ಣ, ಆವತ್ತು ತೆಗೆದದ್ದು ನಾನೇ.'
'ಗೊತ್ತುಂಡು' ಎಂದ, ಪರದೆಯಿಂದ ಕಣ್ಣು ಕೀಳದೆ.
ಮತ್ತೆ,
'ಈ ಮಿಷನಿಗೆ ಎಷ್ಟು ಹೊತ್ತು ಬೇಕು?'

ನಾಳೆ ಸಂಜೆಯಾಗಬಹುದು ಎಂದಳು.
ಹದಿನಾಲ್ಕನೆಯ ಗಾಳಿ ಹೊರಟಿತು.