ಒಂಬತ್ತು ಥರ

ಕಲಬುರಗಿ ಗಂಜಿನಾಗ ಊಟದ ಹೊತ್ತು.
ಹಮಾಲರು ಚೀಲದ ಮ್ಯಾಲೇ ಮಕ್ಕೊಂಡಾರ,
ತಗಡಿನ ಮಾಡು ಚಟಚಟ ಅಂತದ.
ತೊಗರಿ ಹಸನ ಮಾಡೋ ಹೆಂಗಸರು ನಾವು ನಾಲ್ಕು ಮಂದಿ
ಗೋಣಿತಟ್ಟು ಹಾಸಿ, ಮೊರ ಬೋರಲು ಹಾಕಿ
ಅದರ ಬೆನ್ನಿನ ಮ್ಯಾಲ ಎಲಿ ಹಂಚತೀವಿ.

ಗುಮಾಸ್ತ ತಿಪ್ಪಣ್ಣ ಮೊಬೈಲಿನಾಗ ಆಡಿ
ಹೆಂಡತಿ ಬೋರಮಾಳ ಕಳಕೊಂಡ ಮ್ಯಾಲ
ನಮಗ ಕಲಿಸಿದ ಆಟ. ಪೋಕರ್ ಅಂದ.
ರೊಕ್ಕ ಹಚ್ಚಬ್ಯಾಡ್ರಿ ಅಂತ ಆಣಿ ತಗೊಂಡ.
ನಾವು ತೊಗರಿ ಹಚ್ಚತೀವಿ. ಮುಗಿದ ಮ್ಯಾಲ
ಗೆದ್ದ ಕಾಳು, ಸೋತ ಕಾಳು, ಎಲ್ಲಾ ತಿರುಗಿ ಚೀಲಕ್ಕ;
ಸಾವುಕಾರ ತೂಕ ನೋಡತಾನ.

ಎದುರಿಗೆ ಝೈನಬೀ.
ಅಕಿ ಕೈಯಾಗ ಏನದ ಅಂತ ಒಮ್ಮೆಲೇ ಹೇಳಾಕಿ ಅಂಬವ್ವ.
"ಎಕ್ಕಾ ಅದ, ಬರಕೋ!" ಅಂತಾಳ
ಮೈಮ್ಯಾಲ ದೇವರು ಬಂದೋರಂಗ. ದಿನಾ ಸೋಲತಾಳ.
ನಾ ಹಂಗ ಹೇಳಾಂಗಿಲ್ಲ.
ಎದುರಿನವರ ಎರಡೆಲಿ ಅಂದ್ರ ಎರಡೆಲಿ ಅಲ್ಲ, ಒಂದು ಚೀಲ;
ಇರಬಹುದಾದವೆಲ್ಲಾ ಅದರಾಗ ತುಂಬಿರತಾವ.
ಅಕಿ ಕಾಳು ಮುಂದ ಇಟ್ಟಾಗೊಮ್ಮೆ
ನಾ ಒಂದು ಸಲ ಕೇರತೀನಿ.

ಇವತ್ತು ನನಗ ಎಕ್ಕಾ, ರಾಣಿ.
ಎಂಟು ಕಾಳಿಗೆ ಏರಿಸಿದೆ. ಉಳಿದಿಬ್ಬರು ಎಲಿ ಬಿಟ್ಟರು.
ಝೈನಬೀ ಎಂಟೇ ಇಟ್ಟಳು, ಹೆಚ್ಚಿಲ್ಲ, ಕಡಿಮಿಲ್ಲ.
ಬಾದಶಾ ಜೋಡಿ ಬಂದಿದ್ರ
ಸೆರಗು ಕಿವಿ ಹಿಂದ ಸಿಗಿಸತಿದ್ದಳು.
ಸಿಗಿಸಲಿಲ್ಲ. ದೊಡ್ಡ ಜೋಡಿ ತೆಗೆದೆ.
ಏಳು-ನಾಲ್ಕು, ಮೂರು-ಎರಡು, ಇಂಥ ಹೊಟ್ಟು
ಎಂಟು ಕಾಳು ಕೊಟ್ಟು ಯಾರು ಹಿಡೀತಾರ?
ತೂರಿಬಿಟ್ಟೆ.

ನಡುವ ಬಿದ್ದವು ಚೌಕಟ ಒಂಬತ್ತು,
ಇಸ್ಪೀಟ ರಾಣಿ, ಬದಾಮ ಮೂರು.
ಹತ್ತು ಹಾಕಿದೆ. ಹತ್ತು ಹಾಕಿದಳು.
ಈಗ ಎಣಿಸಬೇಕು, ತುಟಿ ಅಲುಗದಂಗ.
ನನ್ನ ಹತ್ರ ಒಂದು, ಮೊರದ ಮ್ಯಾಲ ಒಂದು,
ರಾಣೇರು ಇನ್ನ ಇಬ್ಬರೇ; ಗುಲಾಮರು ನಾಲ್ಕೂ ಹೊರಗ.
ರಾಣಿ-ಗುಲಾಮ ಎಂಟು ಥರ. ಅದಿದ್ರ ನಾನೇ ಮ್ಯಾಲ.
ಒಂಬತ್ತರ ಜೋಡಿ ಮೂರು ಥರ, ಮೂರರ ಜೋಡಿ ಮೂರು ಥರ.
ಇವಿದ್ರ ನಾ ಸತ್ತೆ.

ಕಿಲವಾರ ಐದು ಬಂತು, ಯಾರಿಗೂ ಬ್ಯಾಡಾದ ಎಲಿ.
ಇಪ್ಪತ್ತು. ಆ ಕಡೆಯಿಂದಾನೂ ಇಪ್ಪತ್ತು.
ಝೈನಬೀ ನನ್ನ ಮಾರಿ ನೋಡಲಿಲ್ಲ, ಬೆರಳು ನೋಡಿದಳು.
ಹನ್ನೊಂದು ವರ್ಷ ಒಂದೇ ರಾಶಿ ಹಸನ ಮಾಡೇವಿ.
ನನ್ನ ಚೀಲಾನೂ ಅಕಿ ಮುಂದ ಬಾಯಿ ಬಿಚ್ಚೇ ಅದ:
ಛಲೋ ಎಲಿ ಇಲ್ಲದ ಏರಿಸಾಂಗಿಲ್ಲ ಈಕಿ,
ಏರಿಸಿದ ಮ್ಯಾಲ ಬಿಡಾಂಗಿಲ್ಲ.

ಕಡೀ ಎಲಿ, ಬದಾಮ ಎರಡು.
ಝೈನಬೀ ತನ್ನ ರಾಶಿ ಪೂರಾ
ಎರಡೂ ಅಂಗೈಲೆ ಮುಂದ ನೂಕಿದಳು.
ಒಂದು ಕಾಳು ಉರುಳಿ ಕೆಳಗ ಬಿತ್ತು.
ಆರಿಸಿ ಅದನ್ನೂ ರಾಶಿಗೆ ಇಟ್ಟಳು.

ಹೋದ ವರ್ಷ ಹುಬ್ಬು ಒಡಕೊಂಡು ಕೆಲಸಕ್ಕ ಬಂದಾಗ
ಬಾಗಲ ತೊಲಿ ಬಡೀತು ಅಂದಿದ್ದಳು,
ಇದೇ ಮಾರಿ, ಇದೇ ಸಾವಕಾಶ ದನಿ.
ನಾ ನಂಬಿದ್ದೆ.
ನಂಬಿದಂಗ ಮಾಡಿ ಮೊರ ಎತ್ತಿಕೊಂಡಿದ್ದೆ.
ಇವತ್ತು ನಂಬಬಾರದು ಅಂತ
ಇದ್ದದ್ದೆಲ್ಲಾ ಹಾಕಿದೆ.

ಎಲಿ ಬಿಚ್ಚಿದಳು.
ಇಸ್ಪೀಟ ಮೂರು. ಚೌಕಟ ಎರಡು.
ಅಂಬವ್ವ ಬಾಯಿ ಮ್ಯಾಲ ಕೈ ಇಟ್ಟುಕೊಂಡಳು.
"ಈ ಹೊಟ್ಟು ಯಾಕ ಹಿಡದಿ?" ಅಂದೆ.
"ನೀ ತೂರತಿ ಅಂತ ಗೊತ್ತಿತ್ತಲ್ಲ," ಅಂದಳು.

ಭೋಂಗಾ ಹೊಡೀತು. ಕಾಳು ಚೀಲಕ್ಕ ಹೋದವು.
ಮೊರ ಸೀದಾ ಮಾಡಿ ಕೇರಲಾಕ ಕುಂತೆ.
ಮೂರರ ಎಲಿ ಮೂರು ಉಳಿದಿದ್ದವು, ಎರಡರವೂ ಮೂರು.
ಒಂಬತ್ತು ಥರ.
ರಾಣಿ-ಗುಲಾಮಕ್ಕಿಂತ ಒಂದು ಹೆಚ್ಚೇ.
ಮೊರದ ಮೂಲ್ಯಾಗ ಒಂಬತ್ತು ಕಾಳು ಬ್ಯಾರೆ ಸರಿಸಿದೆ,
ಮುಕ್ಕಾದವು, ಹಗುರಾದವು.
ಧೂಳು ಏಳತಿತ್ತು. ಆಚಿ ಮೊರದ ಸಪ್ಪಳ
ನಡುನಡುವ ನಿಂದ್ರತಿತ್ತು.